ಮಕ್ಕಳೊಂದಿಗರ ಬಿಡುವು: ದೀರ್ಘ ವಾರಾಂತ್ಯವೂ ವಿಡಿಯೋ ಆಟದ ಚರಿತ್ರೆಯೂ

೧

ವಿನೋದಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಎದುರಾಗುವ ಮೊದಲನೆಯ ತೊಡಕು ಆಧಾರಗಳದು. ಅರಸರ ವಿನೋದಗಳನ್ನು ಕುರಿತು ಸಾಮಗ್ರಿ ಧಾರಾಳವಾಗಿ ದೊರೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದ ಐದು ವಿಂಶತಿಗಳಲ್ಲಿ ಕೊನೆಯ ಎರಡು ವಿನೋದಕ್ಕೂ ಕ್ರೀಡೆಗೂ ಮೀಸಲಾಗಿವೆ. ಆದರೆ ದುಡಿದು ಮನೆ ನಡಸುತ್ತ, ಚಿಕ್ಕ ಮಕ್ಕಳನ್ನು ಸಾಕುತ್ತಿದ್ದ ಗೃಹಸ್ಥನು ಯಾವಾಗ ಆಡಿದನು, ಎಷ್ಟು ಹೊತ್ತು ಆಡಿದನು, ಆ ಹೊತ್ತು ಅವನಿಗೆ ಎಲ್ಲಿಂದ ಒದಗಿತು ಎಂಬ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಉತ್ತರ ದೊರೆಯುವುದು ವಿರಳ. ಗೃಹಿಣಿಯ ವಿಷಯದಲ್ಲಂತೂ ಈ ಮೌನ ಇನ್ನೂ ಗಾಢವಾದುದು.

ಇಂಥ ಬಿಡುವಿನ ಒಂದು ಸಣ್ಣ ಮುಖವನ್ನು, ಎಂದರೆ ಮಕ್ಕಳೊಂದಿಗರಾದ ತಂದೆಯೋ ತಾಯಿಯೋ ಮೂರು ದಿನಗಳ ರಜೆಯಲ್ಲಿ ವಿಡಿಯೋ ಆಟಕ್ಕೆ ಕುಳಿತುಕೊಳ್ಳುವ ಈ ಕಾಲದ ರೂಢಿಯನ್ನು, ಪ್ರಸ್ತುತ ಲೇಖನದಲ್ಲಿ ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದ್ದೇವೆ. ವಿಷಯ ಹಗುರವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ವಿಡಿಯೋ ಆಟಕ್ಕೆ ಒಂದು ವಿಶೇಷ ಗುಣವಿದೆ: ಎಷ್ಟು ಹೊತ್ತು ಆಡಬೇಕು, ಎಲ್ಲಿ ನಿಲ್ಲಿಸಬಹುದು, ನಿಲ್ಲಿಸಿದರೆ ಏನನ್ನು ಕಳೆದುಕೊಳ್ಳಬೇಕಾಗುತ್ತದೆ ಎಂಬುದೆಲ್ಲವೂ ಅದರ ರಚನೆಯಲ್ಲಿಯೇ ಅಡಕವಾಗಿರುತ್ತದೆ. ಆದುದರಿಂದ ಆಡುವವರ ಬಿಡುವನ್ನು ಕುರಿತು ಗ್ರಂಥಗಳು ಹೇಳದಿರುವುದನ್ನು ಆಟವೇ ಎಷ್ಟೋ ಮಟ್ಟಿಗೆ ಹೇಳುತ್ತದೆ. ವಿವೇಚನೆಗೆ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನವನ್ನೂ, ಅಲ್ಲಿ ಆಡಲ್ಪಟ್ಟ ಆಟಗಳಲ್ಲಿ ಹಲವು ಜಪಾನಿನಲ್ಲಿ ತಯಾರಾದುದರಿಂದ ಆ ದೇಶವನ್ನೂ ಆರಿಸಿಕೊಂಡಿದ್ದೇವೆ.

೨

ಮೊದಲು ವಾರಾಂತ್ಯದ ಮಾತು. ದಿನಕ್ಕೆ ಸೂರ್ಯನೂ ತಿಂಗಳಿಗೆ ಚಂದ್ರನೂ ಆಧಾರವಾಗಿರುವಂತೆ ಶನಿವಾರ ಭಾನುವಾರಗಳ ಬಿಡುವಿಗೆ ಆಕಾಶದಲ್ಲಿ ಆಧಾರವಿಲ್ಲ. ಅದು ಕಾರ್ಖಾನೆಯ ಯುಗದಲ್ಲಿ ಮನುಷ್ಯರು ಹೋರಾಡಿ, ಚೌಕಾಸಿ ಮಾಡಿ ಪಡೆದುಕೊಂಡದ್ದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕುಶಲಕರ್ಮಿಗಳು ಭಾನುವಾರದ ಜೊತೆಗೆ ಸೋಮವಾರವೂ ಕೆಲಸಕ್ಕೆ ಹೋಗದೆ, ಆ ದಿನವನ್ನು 'ಸಂತ ಸೋಮವಾರ'ವೆಂದು ಹಾಸ್ಯವಾಗಿ ಕರೆಯುತ್ತಿದ್ದರು. ಯಂತ್ರಗಳು ನಿಯತವಾಗಿ ನಡೆಯಬೇಕಾದ ಗಿರಣಿಗಳಿಗೆ ಈ ಪದ್ಧತಿ ಒಗ್ಗಲಿಲ್ಲ. ೧೮೫೦ರ ಕಾರ್ಖಾನೆ ಶಾಸನವು ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಹೆಂಗಸರೂ ಎಳೆಯರೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ಕೆಲಸ ಮಾಡಕೂಡದೆಂದು ವಿಧಿಸಿತು. ಸೋಮವಾರದ ಅನಧಿಕೃತ ರಜೆ ಕ್ರಮೇಣ ಹಿಂದೆ ಸರಿದು, ಶನಿವಾರದ ಅಧಿಕೃತ ಅರ್ಧ ರಜೆ ಅದರ ಸ್ಥಾನಕ್ಕೆ ಬಂದಿತು.

ಅಮೆರಿಕದಲ್ಲಿ ಹೆನ್ರಿ ಫೋರ್ಡನು ೧೯೨೬ರಲ್ಲಿ ತನ್ನ ಕಾರ್ಖಾನೆಗಳ ಕೆಲಸಗಾರರಿಗೆ ವಾರಕ್ಕೆ ಐದೇ ದಿನದ ದುಡಿಮೆಯನ್ನು ಗೊತ್ತುಮಾಡಿದನು. ಬಿಡುವುಳ್ಳ ಕೆಲಸಗಾರನೇ ಸರಕನ್ನು ಕೊಳ್ಳುವವನೂ ಆಗುತ್ತಾನೆಂಬುದು ಅವನ ವಾದ. ೧೯೩೮ರ ನ್ಯಾಯಬದ್ಧ ಕಾರ್ಮಿಕ ಮಾನಕಗಳ ಶಾಸನದಿಂದ ವಾರಕ್ಕೆ ನಲವತ್ತು ಗಂಟೆಗಳ ದುಡಿಮೆ ಕ್ರಮೇಣ ದೇಶದ ಸಾಮಾನ್ಯ ನಿಯಮವಾಯಿತು. ಅನಂತರ ಬಂದುದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಶಾಸನ. ೧೯೬೮ರ ಜೂನ್ ತಿಂಗಳಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ನರು ಅಂಕಿತ ಹಾಕಿದ ಏಕರೂಪ ಸೋಮವಾರ ರಜಾ ಶಾಸನವು ವಾಷಿಂಗ್ಟನ್ ಜಯಂತಿ, ಯೋಧಸ್ಮಾರಕ ದಿನ ಮೊದಲಾದ ರಜೆಗಳನ್ನು ಅವುಗಳ ತಾರೀಖಿನಿಂದ ಕಿತ್ತು ಸೋಮವಾರಗಳಿಗೆ ಕಟ್ಟಿಹಾಕಿತು. ದೂರ ದೂರದಲ್ಲಿರುವ ಕುಟುಂಬದವರು ಒಟ್ಟಿಗೆ ಕಾಲ ಕಳೆಯಲೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಶಾಸನವು ೧೯೭೧ರ ಜನವರಿ ೧ರಿಂದ ಜಾರಿಗೆ ಬಂದಿತು. ನಿವೃತ್ತ ಯೋಧರ ದಿನವು ೧೯೭೮ರಲ್ಲಿ ಮತ್ತೆ ತನ್ನ ಹಳೆಯ ತಾರೀಖಿಗೆ ಮರಳಿತು. ೧೯೮೬ರಿಂದ ಮಾರ್ಟಿನ್ ಲೂಥರ್ ಕಿಂಗ್ ದಿನ ಹೊಸದಾಗಿ ಸೇರಿತು. ಹೀಗೆ ಇಂದು ಜನವರಿ, ಫೆಬ್ರವರಿ, ಮೇ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಒಂದೊಂದರಂತೆ ಶಾಸನಸಿದ್ಧವಾದ ಐದು ಸೋಮವಾರಗಳಿವೆ. ಈ ಐದು ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಪ್ರಯೋಜನವಿದೆ.

ನಮ್ಮಲ್ಲಿ 'ಸಾಲು ರಜೆ' ಎಂದು ಕರೆಯುವುದು ಹೊರಗಿನಿಂದ ಇದನ್ನೇ ಹೋಲುತ್ತದೆಯಾದರೂ ಹುಟ್ಟಿನಲ್ಲಿ ಭಿನ್ನವಾದುದು. ನಮ್ಮ ಹಬ್ಬಗಳಲ್ಲಿ ಹೆಚ್ಚಿನವು ತಿಥಿಯನ್ನು ಅನುಸರಿಸುವುದರಿಂದ ಅವು ಭಾನುವಾರದ ಪಕ್ಕದಲ್ಲಿ ಬಂದು ನಿಲ್ಲುವುದು ಆಕಸ್ಮಿಕ. ಅಮೆರಿಕದ ಸೋಮವಾರವಾದರೋ ಬೇಕೆಂದೇ ಮಾಡಿದ್ದು. ಪ್ರತಿವರ್ಷವೂ ತಪ್ಪದೆ ಬರುತ್ತದೆ. ಜನ ಅದನ್ನು ನಂಬಿ ತಿಂಗಳುಗಳ ಮೊದಲೇ ಕಾರ್ಯಕ್ರಮಗಳನ್ನು ಹಾಕಿಕೊಳ್ಳುತ್ತಾರೆ.

೩

ದೀರ್ಘ ವಾರಾಂತ್ಯ ಜಾರಿಗೆ ಬಂದ ೧೯೭೧ನೆಯ ವರ್ಷದಲ್ಲಿಯೇ ನಾಣ್ಯ ಹಾಕಿ ಆಡುವ ವಿಡಿಯೋ ಆಟವೂ ಮೊದಲಬಾರಿಗೆ ಕಾಣಿಸಿಕೊಂಡಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರಿಸಿದ 'ಗ್ಯಾಲಕ್ಸಿ ಗೇಮ್' ಎಂಬ ಯಂತ್ರವೂ, ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ ಎಂಬುವರು ರೂಪಿಸಿದ 'ಕಂಪ್ಯೂಟರ್ ಸ್ಪೇಸ್' ಎಂಬುದೂ ಆ ವರ್ಷದವು. ಈ ಎರಡು ಘಟನೆಗಳಿಗೆ ಕಾರ್ಯಕಾರಣ ಸಂಬಂಧವಿಲ್ಲ; ಇರುವುದು ಕಾಲದ ಸಾಮೀಪ್ಯ ಮಾತ್ರ. ಆದರೆ ಒಂದೇ ವರ್ಷ ಹುಟ್ಟಿದ ಇವೆರಡೂ ಪರಸ್ಪರ ಹೊಂದಿಕೊಳ್ಳಲು ಹಲವು ದಶಕಗಳೇ ಹಿಡಿದವೆಂಬುದು ಗಮನಾರ್ಹ.

ಆರ್ಕೇಡುಗಳ ಯಂತ್ರಗಳು ನಿಮಿಷಗಳ ಲೆಕ್ಕದವು. ೧೯೭೨ರ 'ಪಾಂಗ್', ೧೯೭೮ರ 'ಸ್ಪೇಸ್ ಇನ್ವೇಡರ್ಸ್', ೧೯೮೦ರ 'ಪ್ಯಾಕ್‌ಮ್ಯಾನ್' ಇವುಗಳಲ್ಲಿ ಆಡುವವನು ಬೇಗ ಸೋತಷ್ಟೂ ಯಂತ್ರದ ಒಡೆಯನಿಗೆ ಲಾಭ. ಹೊಸಬನ ಆಟ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿದ್ದಿತು; ಬಿಟ್ಟುಹೋದ ಆಟಕ್ಕೆ ಮರಳಿ ಬರುವ ಪ್ರಶ್ನೆಯೇ ಇರಲಿಲ್ಲ. ಇದು ಹೊರಗೆ ಅಡ್ಡಾಡಲು ಸ್ವಾತಂತ್ರ್ಯವುಳ್ಳ ಹುಡುಗರಿಗೆ ಹೊಂದುವ ವಿನೋದವೇ ಹೊರತು, ಮನೆ ಬಿಟ್ಟು ಕದಲಲಾರದ ಮಕ್ಕಳೊಂದಿಗರದಲ್ಲ.

ಆಟ ಮನೆಯನ್ನು ಹೊಕ್ಕಮೇಲೆ ಪರಿಸ್ಥಿತಿ ಬದಲಾಯಿತು. ಮನೆಯೆಂದಮೇಲೆ ಬಾಗಿಲು ಬಡಿಯುವವರುಂಟು, ಒಲೆಯ ಮೇಲೆ ಹಾಲು ಉಂಟು, ಎದ್ದು ಅಳುವ ಮಗು ಉಂಟು. ೧೯೭೬ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್‌ಚೈಲ್ಡ್ ಚಾನೆಲ್ ಎಫ್' ಎಂಬ ಯಂತ್ರದಲ್ಲಿ 'ಹೋಲ್ಡ್' ಎಂಬ ಗುಂಡಿಯೊಂದಿದ್ದಿತು. ಅದನ್ನು ಒತ್ತಿದರೆ ಆಟ ಇದ್ದಲ್ಲಿಯೇ ಸ್ತಬ್ಧವಾಗುತ್ತಿದ್ದಿತು. ಚೆಂಡನ್ನು ಗಾಳಿಯಲ್ಲಿ ನಿಲ್ಲಿಸುವುದು ಮೈದಾನದ ಯಾವ ಆಟದಲ್ಲಿಯೂ ಸಾಧ್ಯವಿಲ್ಲ. ಇಲ್ಲಿ ಅದು ಸಾಧ್ಯವಾಯಿತು. ಗೃಹಕೃತ್ಯದ ಕರೆಗೆ ಆಟವು ಮಣಿದುದರ ಮೊದಲ ಗುರುತುಗಳಲ್ಲಿ ಇದೊಂದೆಂದು ಹೇಳಬಹುದು.

೪

ಅದೇ ಕಾಲದಲ್ಲಿ ಹುಟ್ಟಿದ ಇನ್ನೊಂದು ಆಟದ ಚರಿತ್ರೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ವಿಲ್ ಕ್ರೌದರ್ ಎಂಬುವರು ಮಸಾಚುಸೆಟ್ಸಿನ ಕೇಂಬ್ರಿಜ್ ಊರಿನ ಒಂದು ಸಂಸ್ಥೆಯಲ್ಲಿ, ಇಂದಿನ ಅಂತರಜಾಲದ ಪೂರ್ವಜವೆನ್ನಬಹುದಾದ ಅರ್ಪಾನೆಟ್ ಜಾಲದ ಕೆಲಸದಲ್ಲಿ ತೊಡಗಿದ್ದರು. ಕೆಂಟಕಿ ಸಂಸ್ಥಾನದ ಮ್ಯಾಮತ್ ಗುಹೆಗಳ ಸಮೀಕ್ಷೆ ಅವರ ಬಿಡುವಿನ ಹವ್ಯಾಸ. ವಿವಾಹವಿಚ್ಛೇದನವಾದಮೇಲೆ, ತಮ್ಮನ್ನು ನೋಡಲು ಬರುತ್ತಿದ್ದ ಹೆಣ್ಣುಮಕ್ಕಳು ಆಡಲೆಂದು, ತಮಗೆ ಪರಿಚಿತವಾದ ಆ ಗುಹೆಗಳನ್ನೇ ಮಾತುಗಳಲ್ಲಿ ವರ್ಣಿಸಿ ೧೯೭೫-೭೬ರ ಸುಮಾರಿಗೆ ಅವರು ಒಂದು ಆಟವನ್ನು ಬರೆದರು. 'ಅಡ್ವೆಂಚರ್' ಎಂದೂ 'ಕಲಾಸಲ್ ಕೇವ್' ಎಂದೂ ಪ್ರಸಿದ್ಧವಾದ ಈ ಆಟದಲ್ಲಿ ಚಿತ್ರಗಳಿಲ್ಲ. ಆಡುವವನು ಒಂದೆರಡು ಪದಗಳ ಅಪ್ಪಣೆಗಳನ್ನು ಬೆರಳಚ್ಚಿಸುತ್ತ ಕತ್ತಲೆಯ ಕೋಣೆಯಿಂದ ಕೋಣೆಗೆ ಹೋಗಬೇಕು. ಮುಂದೆ ಬಂದ ಸಾಹಸಕಥೆಯ ಆಟಗಳ ದೊಡ್ಡ ವಂಶಕ್ಕೆ ಇದೇ ಮೂಲ. ಆ ಮೂಲದಲ್ಲಿ ಮಕ್ಕಳೊಡನೆ ಕಳೆಯಲು ಅಲ್ಪಕಾಲವಷ್ಟೇ ಉಳಿದಿದ್ದ ತಂದೆಯೊಬ್ಬನಿದ್ದನೆಂಬುದನ್ನು ಚರಿತ್ರಕಾರನು ಮರೆಯಕೂಡದು.

ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಎಂಬುವರು ಈ ಆಟವನ್ನು ಕ್ರೌದರ್ ಅವರ ಒಪ್ಪಿಗೆ ಪಡೆದು ೧೯೭೭ರಲ್ಲಿ ವಿಸ್ತರಿಸಿದರು. ಹಲವರು ಹಂಚಿಕೊಂಡು ಬಳಸಬೇಕಾಗಿದ್ದ ದೊಡ್ಡ ಗಣಕಯಂತ್ರದ ಹೊತ್ತು ಆಗ ಬೆಲೆಯುಳ್ಳದ್ದು. ಆದುದರಿಂದ ವುಡ್ಸ್ ಅವರ ಆಟದಲ್ಲಿ ಗುಹೆಗೇ ವೇಳಾಪಟ್ಟಿಯೊಂದನ್ನು ಗೊತ್ತುಮಾಡುವ ಏರ್ಪಾಡಿದ್ದಿತು: ವಾರದ ದಿನಗಳಲ್ಲಿ ಕಚೇರಿಯ ಹೊತ್ತಿನಲ್ಲಿ ಗುಹೆ ಮುಚ್ಚಿರುವುದು, ಶನಿವಾರ ಭಾನುವಾರಗಳಲ್ಲಿಯೂ ರಜಾದಿನಗಳಲ್ಲಿಯೂ ತೆರೆದಿರುವುದು. ಆಟವನ್ನು ನಡುವೆ ನಿಲ್ಲಿಸಿ ಕಾದಿರಿಸುವ ಸೌಲಭ್ಯವೂ ಇದ್ದಿತು. ಆದರೆ ಹಾಗೆ ನಿಲ್ಲಿಸಿದವನು ಕೂಡಲೆ ಮರಳಿ ಬರುವಂತಿರಲಿಲ್ಲ, ಗೊತ್ತಾದಷ್ಟು ಹೊತ್ತು ಕಾಯಬೇಕಾಗಿದ್ದಿತು. ದುಡಿಮೆಯ ವಾರ, ವಾರಾಂತ್ಯದ ಬಿಡುವು, ನಡುವೆ ತಡೆದು ಮುಂದುವರಿಸುವ ಆಟ ಎಂಬ ಮೂರು ಅಂಶಗಳೂ ಒಂದೇ ರಚನೆಯಲ್ಲಿ ಕಲೆತಿರುವ ಇಂಥ ಆಧಾರ ಅಪರೂಪವಾದುದು.

೫

ಆಟದ ಸ್ಥಿತಿಯನ್ನು ಕಾದಿರಿಸುವುದು, ಎಂದರೆ ಇಂದಿನ ಬಳಕೆಯ ಮಾತಿನಲ್ಲಿ 'ಸೇವ್' ಮಾಡುವುದು, ಪೂರ್ಣವಾಗಿ ಹೊಸ ಕಲ್ಪನೆಯಲ್ಲ. ಚದುರಂಗದ ಪಂದ್ಯಗಳಲ್ಲಿ ಹೊತ್ತು ಮೀರಿದಾಗ ಮುಂದಿನ ನಡೆಯನ್ನು ಬರೆದು ಲಕೋಟೆಯಲ್ಲಿ ಮುಚ್ಚಿಟ್ಟು, ಮರುದಿನ ತೆರೆದು ಮುಂದುವರಿಸುವ ಪದ್ಧತಿ ಬಹುಕಾಲ ನಡೆದುಬಂದಿತು. ೧೯೭೨ರಲ್ಲಿ ರೇಕ್ಯಾವಿಕ್ ನಗರದಲ್ಲಿ ನಡೆದ ಫಿಶರ್-ಸ್ಪಾಸ್ಕಿ ವಿಶ್ವಪಂದ್ಯದ ಇಪ್ಪತ್ತೊಂದನೆಯ ಆಟವೂ ಹೀಗೆಯೇ ಮರುದಿನಕ್ಕೆ ನಿಂತಿತು. ಸ್ಪಾಸ್ಕಿ ಮಣೆಗೆ ಮರಳದೆ ದೂರವಾಣಿಯಲ್ಲಿಯೇ ಸೋಲನ್ನೊಪ್ಪಿದರು. ಚದುರಂಗದ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದಿಡಬಹುದು. ವಿಡಿಯೋ ಆಟದ ಸ್ಥಿತಿಯನ್ನು ಬರೆದಿಡುವುದು ಹೇಗೆ?

ಜಪಾನಿನಲ್ಲಿ ಇದಕ್ಕೆ ದೊರೆತ ಪರಿಹಾರಗಳಲ್ಲೊಂದು ಕಾಗದವೇ. ಅಲ್ಲಿ ನಿಂಟೆಂಡೊ ಸಂಸ್ಥೆ ೧೯೮೩ರಲ್ಲಿ ಮಾರಾಟಕ್ಕೆ ತಂದ ಯಂತ್ರದ ಹೆಸರು 'ಫ್ಯಾಮಿಲಿ ಕಂಪ್ಯೂಟರ್'. ೧೯೮೬ರ ಮೇ ತಿಂಗಳಲ್ಲಿ ಅದಕ್ಕಾಗಿ ಹೊರಬಂದ 'ಡ್ರ್ಯಾಗನ್ ಕ್ವೆಸ್ಟ್' ಒಂದೇ ಪಟ್ಟಿಗೆ ಮುಗಿಯುವ ಆಟವಲ್ಲ. ನಿಲ್ಲಿಸಬೇಕೆಂದಾಗ ಯಂತ್ರವು ಇಪ್ಪತ್ತು ಅಕ್ಷರಗಳ 'ಪುನರುಜ್ಜೀವನ ಮಂತ್ರ'ವೊಂದನ್ನು ತೆರೆಯ ಮೇಲೆ ತೋರಿಸುತ್ತಿದ್ದಿತು. ಆಡುವವನು ಅದನ್ನು ನಕಲು ಮಾಡಿಟ್ಟುಕೊಂಡು ಮುಂದಿನ ಸಲ ಹಾಗೆಯೇ ಒಪ್ಪಿಸಬೇಕು. ೧೯೮೭ರಲ್ಲಿ ಬಂದ ಎರಡನೆಯ ಆಟದಲ್ಲಿ ಮಂತ್ರವು ಐವತ್ತೆರಡು ಅಕ್ಷರಗಳವರೆಗೆ ಬೆಳೆಯಿತು. ಒಂದಕ್ಷರ ತಪ್ಪಿದರೂ ಗಂಟೆಗಟ್ಟಲೆ ಆಡಿದ್ದು ವ್ಯರ್ಥ. ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಲಿಪಿಕಾರನ ಸ್ಖಾಲಿತ್ಯ ಎಂತಹ ಅನರ್ಥಕ್ಕೆ ಕಾರಣವಾಗುವುದೆಂಬುದು ತಿಳಿದೇ ಇದೆ. ಇಲ್ಲಿ ಅದು ಮನೆಮನೆಯ ಅನುಭವವಾಯಿತು. 'ದಿ ಲೆಜೆಂಡ್ ಆಫ್ ಜೆಲ್ಡಾ' ಎಂಬ ಆಟ ೧೯೮೭ರಲ್ಲಿ ಅಮೆರಿಕಕ್ಕೆ ಬಂದಾಗ ಅದರ ಪೆಟ್ಟಿಗೆಯೊಳಗೆ ಸಣ್ಣದೊಂದು ಬ್ಯಾಟರಿಯಿದ್ದಿತು. ಯಂತ್ರವನ್ನು ಆರಿಸಿದಮೇಲೂ ಆಟದ ನೆನಪನ್ನು ಅದು ಕಾಪಾಡುತ್ತಿದ್ದಿತು. ಅಂದಿನಿಂದ ಮುಂದಕ್ಕೆ ಆಟವನ್ನು ತುಂಡುತುಂಡಾಗಿ, ವಾರಗಟ್ಟಲೆ ಆಡುವುದು ಸುಲಭವಾಯಿತು.

ಬ್ಯಾಟರಿಯಿಂದ ನೆನಪನ್ನು ಕಾಪಾಡುವ ಮೂರನೆಯ 'ಡ್ರ್ಯಾಗನ್ ಕ್ವೆಸ್ಟ್' ೧೯೮೮ರ ಫೆಬ್ರವರಿ ೧೦ರಂದು, ಬುಧವಾರ, ಮಾರಾಟಕ್ಕೆ ಬಂದಿತು. ಶಾಲೆಯನ್ನು ತಪ್ಪಿಸಿ ಅಂಗಡಿಗಳ ಮುಂದೆ ಸಾಲು ನಿಂತ ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿಯಬೇಕಾಯಿತು. ನಾಲ್ಕನೆಯ ಆಟವನ್ನು ೧೯೯೦ರ ಫೆಬ್ರವರಿ ೧೧ರಂದು ಬಿಡುಗಡೆ ಮಾಡಿದರು. ಅದು ಭಾನುವಾರ, ಜಪಾನಿನ ರಾಷ್ಟ್ರಸ್ಥಾಪನಾ ದಿನವೂ ಹೌದು. ಆಟ ಬಿಡುಗಡೆಗೆ ರಜೆಯೇ ಬೇಕೆಂದು ವಿಧಿಸುವ ಕಾನೂನು ಅಲ್ಲಿ ಆಯಿತೆಂಬ ಮಾತು ಹಬ್ಬಿದ್ದರೂ ಅದು ದಂತಕಥೆ. ಪ್ರಕಾಶಕರೇ ಕೈಗೊಂಡ ಕ್ರಮ ಅದು.

೬

ಅರ್ಕೇಡುಗಳಲ್ಲಿ ಆಡಿದ ಹುಡುಗರು ಕಾಲಕ್ರಮದಲ್ಲಿ ತಂದೆತಾಯಿಗಳಾದರು. ಅಮೆರಿಕದ ವಿಡಿಯೋ ಆಟದ ಉದ್ಯಮ ನಡಸುವ ವಾರ್ಷಿಕ ಸಮೀಕ್ಷೆಗಳಂತೆ ಈಚಿನ ವರ್ಷಗಳಲ್ಲಿ ಆಡುವವರ ಸರಾಸರಿ ವಯಸ್ಸು ಮೂವತ್ತೈದರ ಆಸುಪಾಸಿನಲ್ಲಿದೆ. ಇದೇ ಅವಧಿಯಲ್ಲಿ ಆಟಗಳೂ ಉದ್ದವಾದವು. ೨೦೧೭ರ ಮಾರ್ಚಿಯಲ್ಲಿ ಬಿಡುಗಡೆಯಾದ 'ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಎಂಬುದರ ಮುಖ್ಯ ಕಥೆಯನ್ನು ಮುಗಿಸಲು ಸುಮಾರು ಐವತ್ತು ಗಂಟೆಗಳು ಬೇಕು.

ಈಗ ಒಂದು ಅಂದಾಜು ಮಾಡಿ ನೋಡೋಣ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆಂದೂ ಶುಕ್ರವಾರ ರಾತ್ರಿ ಬಿಡುವು ಆರಂಭವಾಗುವುದೆಂದೂ ಇಟ್ಟುಕೊಳ್ಳೋಣ. ಮೂರು ಹಗಲುಗಳೂ ಅಡಿಗೆ, ಊಟ, ಸ್ನಾನ, ಒಗೆತ, ಅಂಗಡಿ, ಆಟದ ಬಯಲು ಎಂದು ಸಂದುಹೋಗುತ್ತವೆ. ಮಕ್ಕಳು ಮಲಗಿದಮೇಲೆ ಶುಕ್ರವಾರ, ಶನಿವಾರ, ಭಾನುವಾರಗಳ ರಾತ್ರಿ ಎರಡೆರಡು ಗಂಟೆ. ಬೆಳಗಾದರೆ ಕೆಲಸಕ್ಕೆ ಹೋಗಬೇಕಾದುದರಿಂದ ಸೋಮವಾರ ರಾತ್ರಿ ಒಂದೇ ಗಂಟೆ. ಎರಡು ಮಧ್ಯಾಹ್ನ ಕಿರಿಯ ಮಗು ನಿದ್ರಿಸುವಾಗ ಒಂದೊಂದು ಗಂಟೆ. ಒಟ್ಟು ಒಂಬತ್ತು ಗಂಟೆಗಳಾದವು. ಯಾರಿಗೂ ಜ್ವರ ಬರಲಿಲ್ಲ, ನೆಂಟರು ಬರಲಿಲ್ಲ ಎಂದಿಟ್ಟುಕೊಂಡರೆ ಮಾತ್ರ ಈ ಲೆಕ್ಕ. ವರ್ಷದ ಐದು ಶಾಸನಸಿದ್ಧ ದೀರ್ಘ ವಾರಾಂತ್ಯಗಳಿಂದ ನಲವತ್ತೈದು ಗಂಟೆಗಳು ಕೂಡುತ್ತವೆ. ಎಂದರೆ ವರ್ಷದ ಎಲ್ಲ ದೀರ್ಘ ವಾರಾಂತ್ಯಗಳನ್ನೂ ಸಲ್ಲಿಸಿದರೂ ಒಂದು ಆಟ ಮುಗಿಯುವುದಿಲ್ಲ.

ಈ ಲೆಕ್ಕದಿಂದ ಎರಡು ಸಂಗತಿಗಳು ವೇದ್ಯವಾಗುತ್ತವೆ. ಮೊದಲನೆಯದು, ಯಂತ್ರದ ನೆನಪಿಗೂ ಮನುಷ್ಯನ ನೆನಪಿಗೂ ಇರುವ ಅಂತರ. ಫೆಬ್ರವರಿಯ ಸೋಮವಾರಕ್ಕೂ ಮೇ ತಿಂಗಳ ಸೋಮವಾರಕ್ಕೂ ನಡುವೆ ಮೂರು ತಿಂಗಳಿವೆ. ಯಂತ್ರವು ಎಲ್ಲವನ್ನೂ ಇದ್ದಂತೆಯೇ ಉಳಿಸಿರುತ್ತದೆ. ಆದರೆ ತಾನು ಎಲ್ಲಿಗೆ ಹೊರಟಿದ್ದೆ, ಯಾವ ಗುಂಡಿಗೆ ಯಾವ ಕೆಲಸ ಎಂಬುದು ಆಡುವವನಿಗೆ ಮರೆತಿರುತ್ತದೆ. ಇದನ್ನರಿತ ಕೆಲವು ಆಟಗಳು, ಉದಾಹರಣೆಗೆ ೨೦೦೪ರ 'ಪೋಕೆಮಾನ್ ಫೈರ್‌ರೆಡ್', ೨೦೧೭ರ ಹನ್ನೊಂದನೆಯ 'ಡ್ರ್ಯಾಗನ್ ಕ್ವೆಸ್ಟ್', ಮರಳಿ ಬಂದವರಿಗೆ ಹಿಂದಿನ ಕಥೆಯನ್ನು ಸಂಕ್ಷೇಪವಾಗಿ ತಿಳಿಸಿಯೇ ಮುಂದುವರಿಯುತ್ತವೆ.

ಎರಡನೆಯದು, ಬಿಡುವು ಅಖಂಡವಾಗಿ ದೊರೆಯುವುದಿಲ್ಲವೆಂಬುದು. ಎಪ್ಪತ್ತೆರಡು ಗಂಟೆಗಳ ವಾರಾಂತ್ಯವೂ ಮಕ್ಕಳೊಂದಿಗರ ಕೈಗೆ ಬರುವಾಗ ಆರು ತುಂಡುಗಳಾಗಿರುತ್ತದೆ. ೨೦೧೭ರ ನಿಂಟೆಂಡೊ 'ಸ್ವಿಚ್' ಯಂತ್ರವನ್ನು ಒಂದೇ ಗುಂಡಿಯಿಂದ ಮಲಗಿಸಿ, ಬೇಕಾದಾಗ ಅದೇ ಕ್ಷಣದಿಂದ ಎಬ್ಬಿಸಬಹುದು. ಮಗು ಎದ್ದೊಡನೆ ಆಟ ಮಲಗುತ್ತದೆ. ಮಗು ಮಲಗಿದೊಡನೆ ಆಟ ಏಳುತ್ತದೆ. ಇದಕ್ಕೆ ವಿರುದ್ಧವಾದುದು ದೂರದಲ್ಲಿರುವ ಹಲವರು ಜಾಲದ ಮೂಲಕ ಕೂಡಿ ಆಡುವ ಬಗೆ. ೨೦೦೪ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದ ಆರಂಭಕಾಲದ ದೊಡ್ಡ ದಾಳಿಗಳಿಗೆ ನಲವತ್ತು ಮಂದಿ ಒಟ್ಟಿಗೆ ಸೇರಬೇಕಾಗಿದ್ದಿತು. ಒಬ್ಬ ತಾಯಿಗೆ ಎದ್ದುಹೋಗಬೇಕಾಯಿತೆಂದು ಉಳಿದ ಮೂವತ್ತೊಂಬತ್ತು ಮಂದಿಯನ್ನು ನಿಲ್ಲಿಸುವ ಗುಂಡಿ ಯಾವ ಯಂತ್ರದಲ್ಲಿಯೂ ಇಲ್ಲ. ಅದೇ ಆಟದಲ್ಲಿ, ಕೆಲವು ಕಾಲ ಆಡದೆ ಇದ್ದು ಮರಳಿದವರಿಗೆ ಸ್ವಲ್ಪಕಾಲ ಅನುಭವಾಂಕಗಳು ಇಮ್ಮಡಿಯಾಗಿ ದೊರೆಯುವಂತೆಯೂ ಏರ್ಪಡಿಸಿದ್ದಾರೆ. ಬಿಡುವಿಲ್ಲದವರು ತೀರ ಹಿಂದೆ ಬೀಳದಿರಲು ಇದರಿಂದ ಸ್ವಲ್ಪ ಅನುಕೂಲವಾಗುತ್ತದೆ.

೭

ಇಷ್ಟಕ್ಕೇ ನಿಂತರೆ ವಿವೇಚನೆ ಅರ್ಧವಾಗುತ್ತದೆ. ಆ ಒಂಬತ್ತು ಗಂಟೆಗಳು ಯಾರಿಂದ ಬಂದವು ಎಂಬುದು ಉಳಿದಿರುವ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದುದೂ ಅದೇ.

ಮೊದಲಾಗಿ, ಸೋಮವಾರದ ರಜೆ ಎಲ್ಲರದೂ ಅಲ್ಲ. ಶಾಸನವು ಕೇಂದ್ರ ಸರ್ಕಾರದ ನೌಕರರಿಗೆ ರಜೆಯನ್ನು ಕೊಟ್ಟಿತೇ ಹೊರತು ಖಾಸಗಿ ಯಜಮಾನರನ್ನು ನಿರ್ಬಂಧಿಸಲಿಲ್ಲ. ಅಂಗಡಿ, ಹೋಟಲು, ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ಆ ದಿನಗಳು ಇತರ ದಿನಗಳಂತೆಯೇ. ರಿಯಾಯಿತಿ ಮಾರಾಟದ ಅಂಗಡಿಗಳಲ್ಲಿಯಂತೂ ಹೆಚ್ಚಿನ ದುಡಿಮೆಯ ದಿನಗಳು. ಅವರಲ್ಲಿಯೂ ಮಕ್ಕಳೊಂದಿಗರಿದ್ದಾರೆ.

ಎರಡನೆಯದಾಗಿ, ಮನೆಯೊಳಗಿನ ಹಂಚಿಕೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು ೧೯೮೯ರಲ್ಲಿ ಪ್ರಕಟಿಸಿದ 'ದಿ ಸೆಕೆಂಡ್ ಶಿಫ್ಟ್' ಎಂಬ ಗ್ರಂಥದಲ್ಲಿ, ಕೆಲಸಕ್ಕೆ ಹೋಗುವ ಹೆಂಗಸರಿಗೆ ಮನೆಗೆ ಬಂದಮೇಲೆ ಎರಡನೆಯ ಪಾಳಿಯ ದುಡಿಮೆ ಕಾದಿರುತ್ತದೆಂಬುದನ್ನು ವಿಶದಪಡಿಸಿದರು. ಅಮೆರಿಕದ ಸರ್ಕಾರ ೨೦೦೩ರಿಂದ ನಡಸಿಕೊಂಡು ಬಂದಿರುವ ಕಾಲವಿನಿಯೋಗ ಸಮೀಕ್ಷೆಯಲ್ಲಿಯೂ ಗಂಡಸರ ಸರಾಸರಿ ಬಿಡುವು ಹೆಂಗಸರದಕ್ಕಿಂತ ಹೆಚ್ಚಾಗಿಯೇ ಕಂಡುಬರುತ್ತದೆ. ತಂದೆ ಆಡುವ ಗಂಟೆಯಲ್ಲಿ ಅಳುವ ಮಗುವನ್ನು ಎತ್ತಿಕೊಳ್ಳುವವರು ಯಾರೋ ಇರಬೇಕಷ್ಟೆ. ಯಂತ್ರದ ಗುಂಡಿ ಆಟವನ್ನು ತಡೆದು ನಿಲ್ಲಿಸಬಲ್ಲದು. ಮನೆಗೆಲಸವನ್ನು ನಿಲ್ಲಿಸಲಾರದು, ಬೇರೊಬ್ಬರ ಕೈಗೆ ದಾಟಿಸುತ್ತದೆ. ತಾಯಿ ಆಡಕುಳಿತಾಗಲೂ ಈ ಮಾತು ನಿಜವೇ. ಆದರೆ ಅವಳ ಸರದಿ ಎಷ್ಟು ಸಲ ಬರುತ್ತದೆಂಬುದನ್ನು ಎಣಿಸಿ ನೋಡಬೇಕು.

ಈ ತೊಡಕಿಗೆ ಕೆಲವರು ಕಂಡುಕೊಂಡಿರುವ ದಾರಿ ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು ಆಡುವುದು. ೨೦೦೫ರ 'ಲೆಗೋ ಸ್ಟಾರ್ ವಾರ್ಸ್' ಆಟದಲ್ಲಿ ಎರಡನೆಯವರು ನಡುವೆ ಯಾವಾಗ ಬೇಕಾದರೂ ಸೇರಿ, ಯಾವಾಗ ಬೇಕಾದರೂ ಬಿಡಬಹುದು. ೨೦೦೭ರ 'ಸೂಪರ್ ಮಾರಿಯೋ ಗ್ಯಾಲಕ್ಸಿ'ಯಲ್ಲಿ ಒಬ್ಬರು ನಾಯಕನನ್ನು ನಡಸುವಾಗ ಇನ್ನೊಬ್ಬರು ನಕ್ಷತ್ರದ ಚೂರುಗಳನ್ನು ಆಯ್ದರೆ ಸಾಕು. ಇದು ಸೋಲಿನ ಭಯವಿಲ್ಲದ ಕೆಲಸ, ಚಿಕ್ಕವರಿಗೂ ಸಾಧ್ಯ. ಕ್ರೌದರ್ ಅವರ ಗುಹೆಯ ಉದ್ದೇಶಕ್ಕೆ ಇವು ಹತ್ತಿರವಾದವು. ಆದರೆ ಎಷ್ಟು ಹೊತ್ತು ಎಂಬ ಪ್ರಶ್ನೆ ಮಕ್ಕಳ ವಿಷಯದಲ್ಲಿ ಬೇರೊಂದು ರೂಪದಲ್ಲಿ ಏಳುತ್ತದೆ. ಚೀನಾ ದೇಶವು ೨೦೨೧ರಲ್ಲಿ ಹದಿನೆಂಟು ತುಂಬದವರ ಜಾಲದ ಆಟಗಳನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳ ರಾತ್ರಿ ಎಂಟರಿಂದ ಒಂಬತ್ತರವರೆಗಿನ ಒಂದು ಗಂಟೆಗೆ ಸೀಮಿತಗೊಳಿಸಿತು. ಅಲ್ಲಿ ಮಕ್ಕಳ ಆಟದ ವೇಳೆಯನ್ನು ಸರ್ಕಾರವೇ ಗೊತ್ತುಮಾಡಿದಂತಾಯಿತು.

ಮೇಲಿನ ವಿವೇಚನೆಯಿಂದ ಹೊರಡುವ ತಾತ್ಪರ್ಯವಿಷ್ಟು. ವಾರಾಂತ್ಯವನ್ನು ಕಾರ್ಮಿಕರ ಹೋರಾಟವೂ ಯಜಮಾನರ ಲೆಕ್ಕಾಚಾರವೂ ಶಾಸನವೂ ಸೇರಿ ನಿರ್ಮಿಸಿದವು. ಆಟವನ್ನು ತುಂಡುಮಾಡಿ ಆಡುವ ಉಪಾಯಗಳನ್ನು ತಂತ್ರಜ್ಞರು ಕಂಡುಹಿಡಿದರು. ಇವೆರಡೂ ಕೂಡಿದಾಗ ಮಕ್ಕಳೊಂದಿಗರಿಗೆ ಆಡಲು ಅವಕಾಶವೊದಗಿತು. ಆ ಅವಕಾಶದ ಪ್ರತಿಯೊಂದು ಗಂಟೆಯ ಹಿಂದೆಯೂ ಮತ್ತೊಬ್ಬರ ದುಡಿಮೆಯ ಗಂಟೆಯೊಂದು ಇದ್ದೇ ಇರುತ್ತದೆ. ಹಾಗೆಂದು ವಯಸ್ಕರ ಆಟವನ್ನು ಕಾಲಹರಣವೆಂದು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ದುಡಿದವರಿಗೆ ವಿನೋದ ಬೇಕೆಂಬುದು ನಿರ್ವಿವಾದ. ಅದು ಮನೆಯವರೆಲ್ಲರಿಗೂ ಸಮನಾಗಿ ದಕ್ಕುತ್ತಿದೆಯೇ ಎಂಬುದು ಮಾತ್ರ ವಿಚಾರಣೀಯ.

ನಮ್ಮ ವಿದ್ಯಾರ್ಥಿಗಳು ಈ ಬಗೆಯ ಅಭ್ಯಾಸವನ್ನು ತಮ್ಮ ಮನೆಗಳಿಂದಲೇ ಆರಂಭಿಸಬಹುದು. ಒಂದು ಸಾಲು ರಜೆಯಲ್ಲಿ ಮನೆಯ ಪ್ರತಿಯೊಬ್ಬರೂ ಯಾವ ಗಂಟೆಯಲ್ಲಿ ಏನು ಮಾಡಿದರೆಂಬುದನ್ನು ಒಂದು ಪಟ್ಟಿಯಾಗಿ ಬರೆದಿಟ್ಟರೆ, ಯಾರ ಬಿಡುವು ಯಾರ ದುಡಿಮೆಯ ಮೇಲೆ ನಿಂತಿದೆಯೆಂಬುದು ಆ ಹಾಳೆಯಲ್ಲಿ ತಾನಾಗಿಯೇ ಕಾಣುವುದು. ಇಂಥ ಹಾಳೆಗಳನ್ನು ಜೋಪಾನವಾಗಿಟ್ಟರೆ, ಮುಂದೆ ಗೃಹಸ್ಥರ ಬಿಡುವಿನ ಚರಿತ್ರೆಯನ್ನು ಬರೆಯುವವರಿಗೆ ನಮಗೆ ಎದುರಾದ ಆಧಾರಗಳ ಕೊರತೆ ಇರಲಾರದು.